ಐದು ನಿಮಿಷ ಬಿಟ್ಟು ಮಾಡ್ತೀನಿ, ಸ್ವಲ್ಪ ಕರೀತೀರಾ?

ಫೋನಿನ ಕಾರ್ಖಾನೆ ಬೆಂಗಳೂರಿನ ಪೂರ್ವಕ್ಕಿತ್ತು. ಫೋನಿಗಾಗಿ ಕಾಯುವ ಕೆಲಸ ಊರಿನ ಎಲ್ಲ ದಿಕ್ಕಿಗೂ ಹಂಚಿಹೋಗಿತ್ತು. 1948ರಲ್ಲಿ ಕೃಷ್ಣರಾಜಪುರದ ಬಳಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಶುರುವಾಯಿತು. ಜನರ ಬಾಯಲ್ಲಿ ಅದು ಐಟಿಐ. ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರವೆಂದೇ ಹೆಸರು ಬಿತ್ತು. ಮರುವರ್ಷ, 1949ರಲ್ಲಿ, ಬೆಂಗಳೂರಿನ ಪಶ್ಚಿಮದಲ್ಲಿ ಹೊಸ ಕೈಗಾರಿಕಾ ಉಪನಗರವೊಂದು ತಲೆ ಎತ್ತತೊಡಗಿತು. ಆಗ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ಅದು ರಾಜಾಜಿನಗರವಾಯಿತು. ವರ್ಷದ ಅಂತರದಲ್ಲಿ ಹುಟ್ಟಿದ ಈ ಎರಡೂ ಒಂದನ್ನೊಂದು ಸರಿಯಾಗಿ ಭೇಟಿಯಾಗಲು ಸುಮಾರು ನಾಲ್ಕು ದಶಕ ಹಿಡಿಯಿತು. ಐಟಿಐ ತಯಾರಿಸಿದ ಕಪ್ಪು ಫೋನು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಸಾಮಾನ್ಯ ಮನೆಗಳ ಹಾಲಿಗೆ ಬಂದು ಕೂತಿದ್ದು 1980ರ ದಶಕದ ಕೊನೆಗೆ, ಹಲವು ಮನೆಗಳಿಗೆ ಇನ್ನೂ ತಡವಾಗಿ.

ಈ ನಾಲ್ಕು ದಶಕಗಳ ಕಾಯುವಿಕೆಯಲ್ಲೇ ಈ ಬಡಾವಣೆಗಳ ಮಾತಿನ ಮರ್ಯಾದೆ ರೂಪುಗೊಂಡಿತು. ಯಾರಿಗೆ ಯಾವಾಗ ಫೋನ್ ಮಾಡಬೇಕು, ಎಷ್ಟು ಮಾತಾಡಬೇಕು, ಯಾರು ದುಡ್ಡು ಕೊಡಬೇಕು, ಸಾವಿನ ಸುದ್ದಿಯನ್ನು ಹೇಗೆ ದಾಟಿಸಬೇಕು ಎಂಬುದನ್ನೆಲ್ಲ ಜನ ಕಲಿತದ್ದು ಫೋನು ಇಲ್ಲದಿದ್ದಾಗ, ಅಥವಾ ಪಕ್ಕದ ಮನೆಯಲ್ಲಿ ಮಾತ್ರ ಇದ್ದಾಗ. ಮುಂದೆ ಉತ್ತರಿಸುವ ಯಂತ್ರ ಬಂತು, ವಾಯ್ಸ್‌ಮೇಲ್ ಬಂತು. ಎರಡೂ ಇಲ್ಲಿ ನೆಲೆ ನಿಲ್ಲಲಿಲ್ಲ. ಇಲ್ಲಿನವರ ಮಾತನ್ನು ಕಾದಿಡಲು ಯಂತ್ರಕ್ಕೂ ಮೊದಲೇ ಮನುಷ್ಯರು ಸಿಕ್ಕಿದ್ದರು.

ಅರಿಶಿನ ಹಚ್ಚಿದ ಕಾಗದ, ಸೀರಿಯಸ್ ತಂತಿ

ರಾಜಾಜಿನಗರದ ಆಸುಪಾಸಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇತ್ತು, ಮೈಸೂರು ಲ್ಯಾಂಪ್ಸ್ ಇತ್ತು, 1957ರ ಹೊತ್ತಿಗೆ ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆಯೂ ಬಂತು. ಸಣ್ಣ ಕೈಗಾರಿಕೆಗಳ ವಸಾಹತಿನಲ್ಲಿ ಲೇತ್ ಯಂತ್ರಗಳು ತಿರುಗುತ್ತಿದ್ದವು. ಈ ಕೆಲಸಗಳಿಗಾಗಿ ಮಾಗಡಿ ರಸ್ತೆ, ತುಮಕೂರು ರಸ್ತೆ, ಮೈಸೂರು ರಸ್ತೆಗಳ ಆಚೆಯ ಊರುಗಳಿಂದ ಜನ ಬಂದರು. ಅಪ್ಪ ಅಮ್ಮ ಊರಲ್ಲಿ, ಮಗ ಸೊಸೆ ಬಾಡಿಗೆಯ ವಠಾರದಲ್ಲಿ. ನಡುವೆ ಇದ್ದದ್ದು ಕಾರ್ಡು, ಇನ್‌ಲ್ಯಾಂಡ್ ಲೆಟರು ಮತ್ತು ಊರ ಕಡೆಯ ಬಸ್ಸಿನ ಕಂಡಕ್ಟರು.

ಕಾಗದಕ್ಕೆ ಕಟ್ಟುನಿಟ್ಟಾದ ಶಿಷ್ಟಾಚಾರವಿತ್ತು. ಹಿರಿಯರಿಗೆ ಬರೆಯುವಾಗ ಸಾಷ್ಟಾಂಗ ನಮಸ್ಕಾರ, ಕಿರಿಯರಿಗೆ ಆಶೀರ್ವಾದ, ಆಮೇಲೆ ಉಭಯ ಕುಶಲೋಪರಿ ಸಾಂಪ್ರತ. ವಿಷಯ ಎಷ್ಟೇ ಅವಸರದ್ದಾದರೂ ಈ ಮೆಟ್ಟಿಲುಗಳನ್ನು ಹತ್ತಿಯೇ ಹೋಗಬೇಕು. ಶುಭ ಸುದ್ದಿಯ ಕಾಗದದ ಮೂಲೆಗಳಿಗೆ ಅರಿಶಿನ ಹಚ್ಚುತ್ತಿದ್ದರು. ಸಾವಿನ ಸುದ್ದಿಯ ಕಾಗದವನ್ನು ಓದಿದ ಕೂಡಲೇ ಹರಿದುಹಾಕುತ್ತಿದ್ದರು, ಅದು ಮನೆಯೊಳಗೆ ಉಳಿಯಬಾರದು. ಓದಲು ಬಾರದ ಅಜ್ಜಿಗೆ ಕಾಗದ ಓದಿ ಹೇಳುತ್ತಿದ್ದದ್ದು ಮೊಮ್ಮಗ ಅಥವಾ ಅಂಚೆಯವನು. ಹಾಗಾಗಿ ಸೊಸೆಯ ದೂರು ಕಾಗದದೊಳಗೆ ಹೋಗುತ್ತಿರಲಿಲ್ಲ. ಯಾರು ಓದಿ ಹೇಳುತ್ತಾರೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುವ ಜಾಣ್ಮೆ ಎಲ್ಲರಿಗೂ ಇತ್ತು.

ಅವಸರಕ್ಕೆ ತಂತಿ. ಪದಕ್ಕೆ ಇಷ್ಟು ಎಂದು ದುಡ್ಡು ಕೊಡುವ ವ್ಯವಸ್ಥೆಯಾದ್ದರಿಂದ ಅಲ್ಲಿ ಕುಶಲೋಪರಿಗೆ ಜಾಗವಿಲ್ಲ. ಹಬ್ಬ, ಮದುವೆ, ಪರೀಕ್ಷೆಯ ಶುಭಾಶಯಗಳಿಗೆ ಇಲಾಖೆಯೇ ಸಿದ್ಧ ವಾಕ್ಯಗಳನ್ನು ಮಾಡಿ ಸಂಖ್ಯೆ ಕೊಟ್ಟಿತ್ತು. ಸಂಖ್ಯೆ ಬರೆದುಕೊಟ್ಟರೆ ಆ ಕಡೆ ಪೂರ್ತಿ ವಾಕ್ಯವಾಗಿ ತಲುಪುತ್ತಿತ್ತು. ಕೆಟ್ಟ ಸುದ್ದಿಗೆ ಜನರೇ ತಮ್ಮ ಸೂತ್ರ ಕಂಡುಕೊಂಡರು. ಸತ್ತಿದ್ದರೂ ತಂತಿಯಲ್ಲಿ ಬರೆಯುತ್ತಿದ್ದದ್ದು ‘ಸೀರಿಯಸ್, ಕೂಡಲೇ ಹೊರಡಿ’ ಎಂದು. ಮಗ ಊರು ಮುಟ್ಟುವವರೆಗೆ ತಾಯಿ ಬದುಕಿರಬೇಕು ಎಂಬುದು ಒಪ್ಪಿತ ಸುಳ್ಳು. ಹೊರಡುವಾಗಲೇ ಎಲ್ಲರಿಗೂ ಗೊತ್ತಿರುತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 2013ರ ಜುಲೈಯಲ್ಲಿ ದೇಶದ ತಂತಿ ಸೇವೆ ನಿಂತಾಗ ಆ ಸೂತ್ರ ತಂತಿಯನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅದು ಫೋನಿಗೆ ದಾಟಿ, ಇವತ್ತಿಗೂ ಚಾಲ್ತಿಯಲ್ಲಿದೆ.

ಟ್ರಂಕ್ ಕಾಲ್ ಇದಕ್ಕಿಂತ ದೊಡ್ಡ ಸಂಗತಿ. ಎಕ್ಸ್‌ಚೇಂಜಿಗೆ ಫೋನ್ ಮಾಡಿ ಬುಕ್ ಮಾಡಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ಮೂರು ವೇಗ, ಮೂರು ದರ. ಬುಕ್ ಮಾಡಿದವರು ಫೋನಿನ ಪಕ್ಕ ಗಂಟೆಗಟ್ಟಲೆ ಕಾಯುತ್ತಿದ್ದರು. ಲೈನ್ ಸಿಕ್ಕಿದರೆ ಬೀದಿಗೆಲ್ಲ ಕೇಳುವಷ್ಟು ಕೂಗಿ ಮಾತಾಡಬೇಕು. ಹಳೆಯ ತಲೆಮಾರಿನವರು ಇಂದಿಗೂ ದೂರದ ಊರಿಗೆ ಫೋನ್ ಮಾಡಿದಾಗ ಗಟ್ಟಿಯಾಗಿ ಕೂಗುವ ಅಭ್ಯಾಸದ ಬೇರು ಅಲ್ಲಿದೆ. ಮೊಮ್ಮಗಳು ಪಕ್ಕದಲ್ಲಿ ಕೂತು ‘ತಾತ, ಮೆಲ್ಲಗೆ’ ಎಂದರೂ ದನಿ ಇಳಿಯುವುದಿಲ್ಲ.

ಪಿ.ಪಿ. ನಂಬರಿನ ಕಾಲ

1980ರ ಸುಮಾರಿಗೆ ಸುಮಾರು ಎಪ್ಪತ್ತು ಕೋಟಿ ಜನರ ದೇಶದಲ್ಲಿ ಫೋನುಗಳಿದ್ದದ್ದು ಇಪ್ಪತ್ತು ಇಪ್ಪತ್ತೈದು ಲಕ್ಷ. ಫೋನು ಐಷಾರಾಮದ ವಸ್ತು, ಬೇಡವಾದವರು ಹಿಂತಿರುಗಿಸಬಹುದು ಎಂಬ ಧಾಟಿಯಲ್ಲಿ ಕೇಂದ್ರ ಸಂಪರ್ಕ ಸಚಿವರಾಗಿದ್ದ ಸಿ.ಎಂ. ಸ್ಟೀಫನ್ ಸಂಸತ್ತಿನಲ್ಲಿ ಉತ್ತರಿಸಿದ್ದು ಆ ಕಾಲದಲ್ಲೇ. ಅಂಥ ದಿನಗಳಲ್ಲಿ ಬೀದಿಗೊಂದು ಫೋನಿದ್ದರೆ ಆ ಬೀದಿ ಪುಣ್ಯ ಮಾಡಿತ್ತು. ಫೋನಿರುತ್ತಿದ್ದದ್ದು ಡಾಕ್ಟರ ಮನೆಯಲ್ಲಿ, ಟೆಲಿಫೋನ್ ಇಲಾಖೆಯ ನೌಕರನ ಮನೆಯಲ್ಲಿ, ದಿನಸಿ ಅಂಗಡಿಯಲ್ಲಿ, ಇಲ್ಲವೇ ಸಣ್ಣ ವರ್ಕ್‌ಶಾಪಿನ ಮಾಲೀಕನಲ್ಲಿ.

ಹೀಗೆ ಹುಟ್ಟಿತು ಪಿ.ಪಿ. ನಂಬರು. ತನ್ನದಲ್ಲದ, ಆದರೆ ತನ್ನನ್ನು ಕರೆದುಕೊಡುವ ಫೋನಿನ ಸಂಖ್ಯೆ. ವಿಸಿಟಿಂಗ್ ಕಾರ್ಡಿನಲ್ಲಿ, ಜಾತಕದ ಜೊತೆ ಕೊಡುವ ವಿವರದಲ್ಲಿ, ಕೆಲಸದ ಅರ್ಜಿಯಲ್ಲಿ ನಂಬರು ಬರೆದು ಮುಂದೆ ‘ಪಿ.ಪಿ.’ ಎಂದು ಹಾಕುತ್ತಿದ್ದರು. ಅದನ್ನು ಓದಿದವರಿಗೆ ಎಲ್ಲ ಅರ್ಥವಾಗುತ್ತಿತ್ತು: ಅವಸರವಿದ್ದರೆ ಮಾತ್ರ ಮಾಡಿ, ಹೊತ್ತು ನೋಡಿ ಮಾಡಿ, ಫೋನ್ ಎತ್ತಿದವರ ಹತ್ತಿರ ಮೊದಲು ಮರ್ಯಾದೆಯಿಂದ ಮಾತಾಡಿ.

ಅದಕ್ಕೊಂದು ನಿಶ್ಚಿತ ಕ್ರಮವೇ ಇತ್ತು. ಮೊದಲ ಕರೆಯಲ್ಲಿ ಫೋನಿನ ಒಡತಿಯ ಕುಶಲ ವಿಚಾರಿಸಬೇಕು. ಆಮೇಲೆ, ‘ಎದುರು ಮನೆಯವರನ್ನ ಸ್ವಲ್ಪ ಕರೀತೀರಾ? ಐದು ನಿಮಿಷ ಬಿಟ್ಟು ಮಾಡ್ತೀನಿ’ ಎಂದು ಹೇಳಿ ಇಟ್ಟುಬಿಡಬೇಕು, ಏಕೆಂದರೆ ಕಾಯುವ ನಿಮಿಷಗಳಿಗೂ ಮೀಟರ್ ಓಡುತ್ತದೆ. ಈ ಕಡೆ ಮನೆಯ ಹುಡುಗನೊಬ್ಬ ಚಡ್ಡಿ ಏರಿಸಿಕೊಂಡು ಓಡಬೇಕು. ಕರೆಸಿಕೊಂಡವರು ಸೆರಗು ಸರಿಮಾಡಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಬಳಿಯ ಸ್ಟೂಲಿನ ತುದಿಯಲ್ಲಿ ಕೂರಬೇಕು. ಎರಡನೇ ಕರೆ ಬರುವವರೆಗಿನ ಆ ಐದು ನಿಮಿಷ ಅರ್ಧ ಬೀದಿಯ ಸುದ್ದಿ ವಿನಿಮಯವಾಗುತ್ತಿತ್ತು.

ಮಾತಾಡುವಾಗ ಆ ಮನೆಯ ಟಿವಿ ಸದ್ದು ತಗ್ಗುತ್ತದೆ, ಅಡುಗೆಮನೆಯ ಪಾತ್ರೆಗಳೂ ಸುಮ್ಮನಾಗುತ್ತವೆ. ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಯಾರೂ ಕೇಳಿಸಿಕೊಂಡಂತೆ ತೋರಿಸುವುದಿಲ್ಲ. ಅದಕ್ಕೇ ಫೋನಿನ ಈ ತುದಿಯ ಮಾತು ‘ಹ್ಞೂಂ’, ‘ಆಯ್ತು’, ‘ಕಾಗದ ಬರೀತೀನಿ’ಗಳಲ್ಲೇ ಮುಗಿಯುತ್ತಿತ್ತು. ತವರಿನಿಂದ ಕರೆ ಬಂದರೆ ಸೊಸೆ ಅತ್ತೆಯ ಮುಂದೆ ಮಾತ್ರವಲ್ಲ, ಅತ್ತೆಯ ಗೆಳತಿಯ ಮುಂದೆಯೂ ಮಾತಾಡಬೇಕಾಗಿತ್ತು. ಹೆಣ್ಣು ನೋಡಿ ಹೋದವರ ಒಪ್ಪಿಗೆ ಮೊದಲು ತಿಳಿಯುತ್ತಿದ್ದದ್ದು ಹೆಣ್ಣಿನ ಮನೆಗಲ್ಲ, ಫೋನಿನ ಮನೆಗೆ. ನಿರಾಕರಣೆಯೂ ಅಷ್ಟೇ. ಇಂಥ ಸುದ್ದಿಗಳನ್ನು ಬೀದಿಗೆ ಬಿಡದೆ ಹೊಟ್ಟೆಯಲ್ಲಿಟ್ಟುಕೊಳ್ಳುವ ಗೃಹಿಣಿಗೆ ಬಡಾವಣೆಯಲ್ಲಿ ವಿಶೇಷ ಗೌರವವಿತ್ತು.

ಸಂದೇಶ ದಾಟಿಸುವುದೂ ಒಂದು ವಿದ್ಯೆ. ‘ನಿಮ್ಮ ಮಾವ ತೀರಿಕೊಂಡರಂತೆ’ ಎಂದು ಬಾಗಿಲಲ್ಲೇ ನಿಂತು ಹೇಳುವವರು ಒಳ್ಳೆಯ ನೆರೆಯವರಲ್ಲ. ಮೊದಲು ಮನೆಯಲ್ಲಿ ಗಂಡಸರು ಇದ್ದಾರಾ ಎಂದು ನೋಡಬೇಕು, ಊಟ ಆಗಿದೆಯಾ ಎಂದು ಕೇಳಬೇಕು, ಆಗಿಲ್ಲದಿದ್ದರೆ ಆಗುವವರೆಗೆ ಕಾಯಬೇಕು, ಆಮೇಲೆ ‘ಊರಿಂದ ಫೋನ್ ಬಂದಿತ್ತು, ಸ್ವಲ್ಪ ಹುಷಾರಿಲ್ಲವಂತೆ’ ಎಂದು ಶುರು ಮಾಡಬೇಕು. ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದವರಿಗೆ ಸುದ್ದಿ ಟೈಮ್ ಆಫೀಸಿಗೆ ಹೋಗುತ್ತಿತ್ತು. ಅಲ್ಲಿಂದ ಸೂಪರ್‌ವೈಸರ್ ಬಂದು ಭುಜದ ಮೇಲೆ ಕೈಯಿಟ್ಟರೆ ಸಾಕು, ಕೆಲಸಗಾರ ಯಂತ್ರ ನಿಲ್ಲಿಸುತ್ತಿದ್ದ.

ಈ ಸೇವೆಗೆ ದುಡ್ಡು ಕೊಡುವಂತಿರಲಿಲ್ಲ, ಕೊಟ್ಟರೆ ಅವಮಾನ. ಋಣ ತೀರುತ್ತಿದ್ದದ್ದು ಬೇರೆ ದಾರಿಯಲ್ಲಿ: ಸಂಕ್ರಾಂತಿಯ ಎಳ್ಳು ಬೆಲ್ಲದ ತಟ್ಟೆಯಲ್ಲಿ ಒಂದು ಹೆಚ್ಚಿನ ಸಕ್ಕರೆ ಅಚ್ಚು, ಊರಿಂದ ಬಂದ ಹಲಸಿನಹಣ್ಣಿನ ಪಾಲು, ವರಮಹಾಲಕ್ಷ್ಮಿ ಹಬ್ಬಕ್ಕೆ ಮೊದಲ ಕರೆ.

ಬೀಗ ಹಾಕಿದ ಫೋನು

ಫೋನು ಮನೆಗೆ ಬಂದ ದಿನ ಅದಕ್ಕೆ ಕುಂಕುಮ ಇಟ್ಟು ಊದುಬತ್ತಿ ಹಚ್ಚಿದ ಮನೆಗಳಿವೆ. ಕೆಳಗೆ ಕಸೂತಿಯ ಬಟ್ಟೆ, ಮೇಲೊಂದು ಹೊದಿಕೆ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು ಮತ್ತು ಹಳೇ ಡೈರಿ. ಆ ಡೈರಿಯೇ ಮನೆಯ ಸಂದೇಶ ಪೆಟ್ಟಿಗೆ. ಅಪ್ಪ ಇಲ್ಲದಾಗ ಬಂದ ಕರೆಯ ಹೆಸರು, ಹೊತ್ತು, ವಿಷಯವನ್ನು ಅದರಲ್ಲಿ ಬರೆದಿಡುವುದು ಮಕ್ಕಳ ಕೆಲಸ. ‘ಯಾರೋ ಮಾಡಿದ್ರು’ ಎಂದರೆ ಬೈಗುಳ ಖಚಿತ.

ಕರೆಗೆ ಮೀಟರಿದ್ದರಿಂದ ಫೋನಿಗೆ ಬೀಗವೂ ಬಂತು. ಡಯಲಿನ ರಂಧ್ರಕ್ಕೆ ಸಿಕ್ಕಿಸುವ ಪುಟ್ಟ ಬೀಗ. ತಿರುಗಿಸಲು ಬಾರದು, ಆದರೆ ಬರುವ ಕರೆಗೆ ಅಡ್ಡಿಯಿಲ್ಲ. ಬೀಗದ ಕೈ ಮನೆಯ ಯಜಮಾನನ ಜೇಬಿನಲ್ಲಿ. ಹುಡುಗರು ಇದಕ್ಕೂ ಉಪಾಯ ಕಂಡುಕೊಂಡರು. ಹಳೆಯ ಫೋನು ಅಂಕೆಗಳನ್ನು ಎಕ್ಸ್‌ಚೇಂಜಿಗೆ ತಿಳಿಸುತ್ತಿದ್ದದ್ದು ವಿದ್ಯುತ್ತಿನ ಮಿಡಿತಗಳಾಗಿ: ಮೂರಕ್ಕೆ ಮೂರು ಮಿಡಿತ, ಸೊನ್ನೆಗೆ ಹತ್ತು. ರಿಸೀವರ್ ಇಡುವ ಗುಂಡಿಯನ್ನೇ ಅಷ್ಟು ಸಲ ಚಕಚಕ ಒತ್ತಿದರೂ ಎಕ್ಸ್‌ಚೇಂಜಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಬೀಗವಿದ್ದ ಫೋನಿನಿಂದ ಕ್ರಿಕೆಟ್ ಸ್ಕೋರು ಕೇಳಿದವರು, ಗೆಳತಿಗೆ ಕರೆ ಮಾಡಿದವರು ಎಷ್ಟೋ ಮಂದಿ. ಎರಡು ತಿಂಗಳ ಬಿಲ್ಲು ಬಂದಾಗ ಮನೆಯಲ್ಲಿ ನಡೆಯುತ್ತಿದ್ದ ವಿಚಾರಣೆ ಬೇರೆಯೇ ಅಧ್ಯಾಯ.

ಆ ಕಾಲದ ಗುಂಗು 1995ರಲ್ಲಿ ತೆರೆಗೂ ಬಂತು. ಸುನೀಲ್ ಕುಮಾರ್ ದೇಸಾಯಿ ನಿರ್ದೇಶನದ ‘ಬೆಳದಿಂಗಳ ಬಾಲೆ’ಯಲ್ಲಿ ಅನಂತನಾಗ್ ಚೆಸ್ ಆಟಗಾರ, ನಾಯಕಿ ಬರೀ ಫೋನಿನ ದನಿ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಿಂದ ಬಂದ ಕಥೆಯದು. ಕರೆ ಮಾಡಿದವರ ನಂಬರು ಫೋನಿನ ಮೇಲೆ ಕಾಣಿಸುತ್ತಿದ್ದ ಕಾಲವಾಗಿದ್ದರೆ ಆ ಕಥೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಹಳದಿ ಬೋರ್ಡಿನ ಗೂಡು

ದೇಶದಲ್ಲಿ ಆಪರೇಟರ ನೆರವಿಲ್ಲದೆ ಬೇರೆ ಊರಿಗೆ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ 1960ರಲ್ಲೇ ಕಾನ್ಪುರ ಮತ್ತು ಲಖನೌ ನಡುವೆ ಶುರುವಾಗಿತ್ತು. ಅದು ಸಾಮಾನ್ಯರ ಕೈಗೆ ಸಿಕ್ಕಿದ್ದು 1980ರ ದಶಕದ ಉತ್ತರಾರ್ಧದಲ್ಲಿ. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಒತ್ತಾಸೆಯಿಂದ ಸಿ-ಡಾಟ್ ಸಂಸ್ಥೆ ಹುಟ್ಟಿತು. ಹಳ್ಳಿಗಳಿಗಾಗಿ ಅದು ರೂಪಿಸಿದ 128 ಪೋರ್ಟಿನ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡದ, ಸೆಖೆ ಧೂಳು ತಡೆಯುವ ಈ ಯಂತ್ರ ಹಳ್ಳಿಗಳಿಗೆ ಹೋದ ಮೇಲೆ ಬೆಂಗಳೂರಿನ ಮಗ ಡಯಲ್ ಮಾಡಿದರೆ ಎತ್ತಲು ಆ ತುದಿಯಲ್ಲೂ ಒಂದು ಫೋನು ಸಿಗತೊಡಗಿತು.

ಮಾಗಡಿ ರಸ್ತೆಯ ಇಕ್ಕೆಲ, ನವರಂಗ್ ವೃತ್ತ, ವಿಜಯನಗರದ ಬಸ್ ನಿಲ್ದಾಣದ ಸುತ್ತ, ಕೆಂಗೇರಿಯ ಪೇಟೆ ಬೀದಿ, ಎಲ್ಲೆಡೆ ಎಸ್‌ಟಿಡಿ ಐಎಸ್‌ಡಿ ಪಿಸಿಓ ಎಂಬ ಹಳದಿ ಬೋರ್ಡುಗಳು ಎದ್ದವು. ಗಾಜಿನ ಗೂಡು, ಒಳಗೊಂದು ಸಣ್ಣ ಫ್ಯಾನು, ತಲೆಯ ಮೇಲೆ ಕೆಂಪು ಅಂಕೆಗಳ ಮೀಟರು. ಮಾತು ಮುಗಿದ ಕೂಡಲೇ ಕಿರ್ರೆಂದು ಬಿಲ್ಲು. ರಾತ್ರಿ ಹೊತ್ತೇರಿದಂತೆ ದರ ಇಳಿಯುತ್ತಿತ್ತು: ಮೊದಲು ಅರ್ಧ, ತಡರಾತ್ರಿ ಕಾಲು. ಹಾಗಾಗಿ ಬೂತಿನ ಮುಂದೆ ಸಾಲು ಬೆಳೆಯುತ್ತಿದ್ದದ್ದು ಊಟವಾದ ಮೇಲೆ. ಮಂಡ್ಯದ 08232, ಹಾಸನದ 08172, ತುಮಕೂರಿನ 0816 ಬಾಯಿಪಾಠವಾಗಿದ್ದ ತಲೆಮಾರದು. ಬೆಂಗಳೂರಿನ ಕೋಡು ಆಗ 0812. 080 ಆಗಿದ್ದು ಆಮೇಲೆ.

ಬೂತಿನವನೂ ಸಂದೇಶ ಕಾಯುತ್ತಿದ್ದ. ‘ಅಮ್ಮ ಒಂಬತ್ತಕ್ಕೆ ಮಾಡ್ತಾರೆ, ಬಂದಿರು ಅಂತ ಹೇಳಿ’ ಎಂಬ ಮಾತನ್ನು ಅವನಲ್ಲಿ ಬಿಟ್ಟು ಹೋಗಬಹುದಿತ್ತು. ಬಾಡಿಗೆ ಕೋಣೆಗಳಲ್ಲಿದ್ದ ಕಾಲೇಜು ಹುಡುಗರಿಗೆ, ಗಾರ್ಮೆಂಟ್ ಕೆಲಸಕ್ಕೆ ಬಂದ ಹೆಣ್ಣುಮಕ್ಕಳಿಗೆ ಬೂತೇ ವಿಳಾಸ.

ಪೀಪ್ ಸದ್ದಿನ ನಂತರ

ದನಿಯನ್ನು ಯಂತ್ರಕ್ಕೆ ಒಪ್ಪಿಸುವ ಯೋಚನೆ ಹಳೆಯದು. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ 1898ರಲ್ಲೇ ಉಕ್ಕಿನ ತಂತಿಯ ಮೇಲೆ ದನಿ ಮುದ್ರಿಸುವ ಟೆಲಿಗ್ರಾಫೋನ್ ಮಾಡಿದ್ದ. ಅಮೆರಿಕದ ಗಾರ್ಡನ್ ಮ್ಯಾಥ್ಯೂಸ್ ತನ್ನ ವಾಯ್ಸ್‌ಮೇಲ್ ವ್ಯವಸ್ಥೆಗೆ 1983ರಲ್ಲಿ ಪೇಟೆಂಟ್ ಪಡೆದ. ಭಾರತದಲ್ಲಿ 1992ರಲ್ಲಿ ಖಾಸಗಿಯವರಿಗೆ ತೆರೆದ ಸೇವೆಗಳ ಪಟ್ಟಿಯಲ್ಲಿ ಪೇಜರ್, ಮೊಬೈಲುಗಳ ಜೊತೆ ವಾಯ್ಸ್‌ಮೇಲ್ ಕೂಡ ಇತ್ತು. ಪೇಜರ್ ಕೆಲವು ವರ್ಷ ಸೊಂಟದಲ್ಲಿ ಮೆರೆಯಿತು, ಮೊಬೈಲು ಗೆದ್ದಿತು. ವಾಯ್ಸ್‌ಮೇಲ್ ಬಂದದ್ದೂ ಮನೆಗಳಿಗೆ ತಿಳಿಯಲಿಲ್ಲ.

ಪಶ್ಚಿಮ ಬೆಂಗಳೂರಿನ ಮನೆಗಳು ಅದನ್ನು ಮೊದಲು ಎದುರಿಸಿದ್ದು ಅಮೆರಿಕಕ್ಕೆ ಫೋನ್ ಮಾಡಿದಾಗ. 1990ರ ದಶಕದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಹೋದ ಮಗನಿಗೆ ಬಸವೇಶ್ವರನಗರದ ಅಪ್ಪ ಐಎಸ್‌ಡಿ ಬೂತಿನಿಂದ ಕರೆ ಮಾಡುತ್ತಾನೆ. ಮೂರು ಸಲ ರಿಂಗಾಗಿ ಮಗನ ದನಿಯೇ ಕೇಳುತ್ತದೆ, ಅದೂ ಇಂಗ್ಲಿಷಿನಲ್ಲಿ. ಅಪ್ಪ ಸಂತೋಷದಿಂದ ಮಾತು ಶುರು ಮಾಡುತ್ತಾನೆ. ಆ ದನಿ ನಿಲ್ಲುವುದಿಲ್ಲ. ಪೀಪ್ ಎನ್ನುತ್ತದೆ. ಅಷ್ಟರಲ್ಲಿ ತಲೆಯ ಮೇಲಿನ ಮೀಟರು ಓಡುತ್ತಿರುತ್ತದೆ, ಏಕೆಂದರೆ ಯಂತ್ರ ಎತ್ತಿದರೂ ಕರೆ ಎತ್ತಿದಂತೆಯೇ ಲೆಕ್ಕ. ಇಂಥದ್ದು ಎಷ್ಟೋ ಮನೆಗಳಲ್ಲಿ ನಡೆಯಿತು, ಎಷ್ಟೋ ಅಮ್ಮಂದಿರು ‘ಮಗ ಫೋನ್ ಎತ್ತಿ ಮಾತೇ ಆಡಲಿಲ್ಲ’ ಎಂದು ನೊಂದುಕೊಂಡರು. ಮಗನ ದೃಷ್ಟಿಯಲ್ಲಿ ಸಂದೇಶ ಬಿಡದೆ ಕರೆ ಕಡಿಯುವುದೇ ವಿಚಿತ್ರ. ಅವನು ಅಲ್ಲಿ ಕಲಿತ ಕ್ರಮ ಬೇರೆ: ಹೆಸರು ಹೇಳು, ವಿಷಯ ಹೇಳು, ನಂಬರು ಎರಡು ಸಲ ಹೇಳು, ಅರ್ಧ ನಿಮಿಷದಲ್ಲಿ ಮುಗಿಸು.

ಇಲ್ಲಿನ ಕ್ರಮಕ್ಕೆ ಅದು ತದ್ವಿರುದ್ಧ. ‘ಊಟ ಆಯ್ತಾ?’ ಎಂದು ಕೇಳಿದರೆ ಉತ್ತರ ಬರಬೇಕು. ‘ಇನ್ನೇನು ಸಮಾಚಾರ?’ ಎಂದರೆ ಆ ಕಡೆಯಿಂದ ಏನಾದರೂ ಹೊರಡಬೇಕು. ಕೊನೆಗೆ ‘ಇಡ್ಲಾ?’ ಎಂದು ಕೇಳಿ, ಒಪ್ಪಿಗೆ ಸಿಕ್ಕ ಮೇಲೆಯೇ ಫೋನ್ ಇಡಬೇಕು. ಈ ಮೂರಕ್ಕೂ ಯಂತ್ರದ ಬಳಿ ಜವಾಬಿಲ್ಲ. ಹೇಳಬೇಕಾದ ವಿಷಯ ಕೆಟ್ಟದ್ದಾಗಿದ್ದರಂತೂ ಮಾತು ಹೊರಡುವುದೇ ಇಲ್ಲ. ಕೇಳುವವನು ಊಟ ಮಾಡಿದ್ದಾನೋ, ಒಂಟಿಯಾಗಿದ್ದಾನೋ, ಕಾರು ಓಡಿಸುತ್ತಿದ್ದಾನೋ ಎಂದು ತಿಳಿಯದೆ ಸಾವಿನ ಸುದ್ದಿಯನ್ನು ಪೆಟ್ಟಿಗೆಯಲ್ಲಿ ಬಿಟ್ಟುಬರುವುದು ಹೇಗೆ?

ದನಿ ಮುದ್ರಿಸುವುದೇ ಇಲ್ಲಿನವರಿಗೆ ಒಗ್ಗದು ಎಂದೇನೂ ಅಲ್ಲ. ಗಲ್ಫ್‌ಗೆ ದುಡಿಯಲು ಹೋದವರ ಕರಾವಳಿಯ ಮನೆಗಳಲ್ಲಿ 1970–80ರ ದಶಕಗಳಲ್ಲಿ ಕ್ಯಾಸೆಟ್ಟುಗಳೇ ಕಾಗದವಾಗಿದ್ದವು. ಟೇಪ್ ರೆಕಾರ್ಡರಿನ ಸುತ್ತ ಕೂತು ಅಜ್ಜ, ಅಜ್ಜಿ, ಹೆಂಡತಿ, ಮಕ್ಕಳು ಸರದಿಯಲ್ಲಿ ಮಾತಾಡಿ, ಊರಿಗೆ ಬಂದವರ ಕೈಯಲ್ಲಿ ಕಳಿಸುತ್ತಿದ್ದರು. ಅದಕ್ಕೆ ಅವಸರವಿರಲಿಲ್ಲ, ಮೀಟರಿರಲಿಲ್ಲ, ಮನೆಮಂದಿಯೆಲ್ಲ ಜೊತೆಗಿದ್ದರು.

ಕಚೇರಿಯಲ್ಲಿ ಮಾತ್ರ ವಾಯ್ಸ್‌ಮೇಲ್ ನಡೆಯಿತು. ರಾಜಾಜಿನಗರದಿಂದ ಕಂಪನಿ ಬಸ್ಸು ಹತ್ತಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತಿದ್ದವರು ಮೇಜಿನ ಫೋನಿನ ಕೆಂಪು ದೀಪ ನೋಡಿ ಸಂದೇಶ ಕೇಳಿಸಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದು ಅಮ್ಮನ ಡೈರಿ ನೋಡುತ್ತಿದ್ದರು. ನೋಕಿಯಾ ಹ್ಯಾಂಡ್‌ಸೆಟ್ಟುಗಳ ಒಂದನೇ ಅಂಕೆಯನ್ನು ಒತ್ತಿ ಹಿಡಿದರೆ ವಾಯ್ಸ್ ಮೇಲ್‌ಬಾಕ್ಸಿನ ನಂಬರು ಕೇಳುತ್ತಿತ್ತು. ಬಹಳ ಮಂದಿಗೆ ಅದು ತಪ್ಪಿ ಒತ್ತಿದ ಗುಂಡಿ ಅಷ್ಟೇ.

ಒಂದು ರಿಂಗಿನ ವ್ಯಾಕರಣ

1995ರ ಜುಲೈ 31ರಂದು ಕೋಲ್ಕತ್ತದಿಂದ ಜ್ಯೋತಿ ಬಸು ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಕರ್ನಾಟಕದಲ್ಲಿ ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್ ಆ ದಶಕದಲ್ಲೇ ಬಂದವು. ಆರಂಭದ ದಿನಗಳಲ್ಲಿ ಒಳಬರುವ ಕರೆಗೂ ದುಡ್ಡು ಕೊಡಬೇಕಿತ್ತು. ಮೊಬೈಲು ರಿಂಗಾದರೆ ಹತ್ತಿರದ ಲ್ಯಾಂಡ್‌ಲೈನ್ ಹುಡುಕಿಕೊಂಡು ಓಡಿ ತಿರುಗಿ ಕರೆ ಮಾಡುವವರಿದ್ದರು. 2003ರ ಮೇ ತಿಂಗಳಿಂದ ಒಳಬರುವ ಕರೆ ಉಚಿತವಾಯಿತು. ಕರೆದವನೇ ದುಡ್ಡು ಕೊಡಬೇಕು ಎಂಬ ಈ ನಿಯಮವೇ ವಾಯ್ಸ್‌ಮೇಲ್‌ಗೆ ಕೊನೆಯ ಪೆಟ್ಟು. ಪೆಟ್ಟಿಗೆ ಎತ್ತಿಕೊಂಡರೆ ಕರೆದವನ ಬ್ಯಾಲೆನ್ಸು ಕರಗುತ್ತದೆ. ಎತ್ತುವ ಮೊದಲೇ ಕಡಿದರೆ ಒಂದು ಪೈಸೆಯೂ ಇಲ್ಲ, ಆದರೂ ಆ ಕಡೆ ನಂಬರು ಉಳಿಯುತ್ತದೆ. ಹುಟ್ಟಿತು ಮಿಸ್ಡ್ ಕಾಲ್.

‘ತಲುಪಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು’ ಎಂದು ಹೇಳದೆ ಮಗಳನ್ನು ಬಸ್ಸು ಹತ್ತಿಸಿದ ತಾಯಿ ಆ ದಶಕದಲ್ಲಿ ಅಪರೂಪ. ಒಂದು ರಿಂಗಾದರೆ ಮನೆ ಮುಟ್ಟಿದೆ, ಎರಡಾದರೆ ಕೆಳಗಿಳಿದು ಬಾ, ಮತ್ತೆ ಮತ್ತೆ ಆದರೆ ಏನೋ ಎಡವಟ್ಟು. ಪ್ರತಿ ಮನೆಗೂ ತನ್ನದೇ ಸಂಕೇತ. ಹಾಲಿನವನಿಗೆ, ಗ್ಯಾಸಿನವನಿಗೆ, ಆಟೊ ಡ್ರೈವರಿಗೆ ಬೇರೆ ಬೇರೆ.

ಈ ರಿಂಗುಗಳ ಶಿಷ್ಟಾಚಾರವನ್ನು ಗಂಭೀರವಾಗಿ ಅಧ್ಯಯನ ಮಾಡಿದವರು ಬೆಂಗಳೂರಿನಲ್ಲೇ ಇದ್ದರು. 2005ರಲ್ಲಿ ಇಲ್ಲಿ ಶುರುವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿದ್ದ ಜೊನಾಥನ್ ಡಾನರ್ 2007ರಲ್ಲಿ ಇದರ ಮೇಲೆ ಪ್ರಬಂಧ ಪ್ರಕಟಿಸಿದರು. ಮಾಹಿತಿ ಮುಖ್ಯವಾಗಿ ಆಫ್ರಿಕದ ರುವಾಂಡದ್ದು, ಆದರೆ ವಿಜಯನಗರದ ಯಾವ ಮನೆಯೂ ಒಪ್ಪುವಂಥ ನಿಯಮಗಳು: ಹಣವಿದ್ದವರು ತಿರುಗಿ ಕರೆಯಬೇಕು, ಯಾರಿಂದ ಉಪಕಾರ ಬೇಕೋ ಅವರಿಗೆ ಮಿಸ್ಡ್ ಕಾಲ್ ಕೊಡಬಾರದು, ಒಲಿಸಿಕೊಳ್ಳಬೇಕಾದ ಹುಡುಗಿಗೆ ಕೊಡಲೇಬಾರದು. ಇಲ್ಲಿನವರು ಇನ್ನೊಂದು ಸೇರಿಸಿಕೊಂಡಿದ್ದರು. ಮಗ ಅಪ್ಪನಿಗೆ ಕೊಡಬಹುದು, ಬೀಗರಿಗೆ ಯಾರೂ ಕೊಡಬಾರದು.

ಅದರಲ್ಲೇ ವ್ಯಾಪಾರ ಕಂಡವರೂ ಇಲ್ಲಿಯವರೇ. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಿಪ್‌ಡಯಲ್ ಮಿಸ್ಡ್ ಕಾಲನ್ನೇ ಜಾಹೀರಾತಿನ ಸಾಧನ ಮಾಡಿಕೊಂಡಿತು. 2015ರಲ್ಲಿ ಟ್ವಿಟರ್ ಅದನ್ನು ಕೊಂಡಿತು. ಅದಕ್ಕೂ ಮೊದಲೇ, ಇನ್ಫೋಸಿಸ್‌ನಿಂದ ಕವಲೊಡೆದ ಬೆಂಗಳೂರಿನ ಆನ್‌ಮೊಬೈಲ್ ಕಂಪನಿ ಕಾಲರ್ ಟ್ಯೂನಿನ ದೊಡ್ಡ ವ್ಯಾಪಾರ ನಡೆಸಿತ್ತು. ಉತ್ತರಿಸದ ಫೋನಿನಲ್ಲಿ ಸಂದೇಶ ಬಿಡಲು ಒಲ್ಲದ ಜನ, ಉತ್ತರಿಸುವವರೆಗೆ ಕೇಳುವ ಹಾಡಿಗೆ ತಿಂಗಳು ತಿಂಗಳು ದುಡ್ಡು ಕೊಟ್ಟರು. ಅಪ್ಪನ ಫೋನಿನಲ್ಲಿ ಸುಪ್ರಭಾತ, ಮಗನದರಲ್ಲಿ ಹೊಸ ಸಿನಿಮಾದ ಹಾಡು. ಕರೆ ಎತ್ತುವ ಮೊದಲೇ ಯಾವ ತಲೆಮಾರೆಂದು ಗೊತ್ತಾಗುತ್ತಿತ್ತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದಿತು, 2016ರ ಸೆಪ್ಟೆಂಬರಿನಲ್ಲಿ ಜಿಯೊ ಮಾತನ್ನೇ ಉಚಿತ ಮಾಡಿತು. ಮಿಸ್ಡ್ ಕಾಲಿನ ಆರ್ಥಿಕ ಕಾರಣ ಅಲ್ಲಿಗೆ ಮುಗಿಯಿತು, ಅಭ್ಯಾಸ ಉಳಿಯಿತು.

ಹಿಂಬಾಗಿಲಿನಿಂದ ಬಂದ ದನಿ

ವಾಯ್ಸ್‌ಮೇಲ್ ಬಿಟ್ಟುಹೋದ ಜಾಗಕ್ಕೆ 2013ರ ಆಗಸ್ಟಿನಲ್ಲಿ ವಾಟ್ಸಾಪಿನ ವಾಯ್ಸ್ ಮೆಸೇಜ್ ಬಂತು. ಈ ಸಲ ಅದನ್ನು ಮೊದಲು ಒಪ್ಪಿಕೊಂಡವರಲ್ಲಿ ಯಂತ್ರಕ್ಕೆ ಹೆದರುತ್ತಿದ್ದ ಹಿರಿಯರೂ ಇದ್ದರು. ಕಾರಣ ಸರಳ. ಜೀವನವಿಡೀ ಮುತ್ತಿನಂಥ ಅಕ್ಷರದಲ್ಲಿ ಕಾಗದ ಬರೆದವರಿಗೆ ಗಾಜಿನ ಮೇಲೆ ಒತ್ತಕ್ಷರ ಹುಡುಕುವುದು ಹಿಂಸೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು ಇನ್ನೂ ಕಷ್ಟ. ಮೈಕಿನ ಚಿತ್ರ ಒತ್ತಿ ಹಿಡಿದು ಮಾತಾಡಿದರೆ ಮುಗಿಯಿತು. ಮೀಟರಿಲ್ಲ, ಅವಸರದ ಪೀಪ್ ಇಲ್ಲ, ಎರಡು ನೀಲಿ ಗೆರೆ ಬಂದರೆ ತಲುಪಿದ ಖಾತ್ರಿಯೂ ಉಂಟು. ಆ ಗೆರೆ ಬಂದದ್ದು 2014ರಲ್ಲಿ. ‘ನೋಡಿದಾನೆ, ಉತ್ತರ ಕೊಟ್ಟಿಲ್ಲ’ ಎಂಬ ಹೊಸ ಸಂಕಟವೂ ಅಂದಿನಿಂದಲೇ.

ರಾಜಾಜಿನಗರದ ಹಳೆಯ ಮನೆಗಳಲ್ಲಿ ಈಗ ಸಾಮಾನ್ಯವಾಗಿ ಇಬ್ಬರೇ: ಎಪ್ಪತ್ತು ದಾಟಿದ ಗಂಡ, ಹೆಂಡತಿ. ಒಬ್ಬ ಮಗ ವೈಟ್‌ಫೀಲ್ಡಿನಲ್ಲಿ, ಮಗಳು ಟೆಕ್ಸಾಸಿನಲ್ಲಿ. ಮನೆಮಂದಿಯ ಗುಂಪಿನಲ್ಲಿ ಬೆಳಗ್ಗೆ ಅಮ್ಮನ ನಾಲ್ಕು ನಿಮಿಷದ ದನಿ ಬೀಳುತ್ತದೆ. ಅದು ಹಳೆಯ ಕಾಗದದ ಕ್ರಮದಲ್ಲೇ ಸಾಗುತ್ತದೆ: ಮೊದಲು ಆರೋಗ್ಯ, ಆಮೇಲೆ ಹವೆ, ಪಕ್ಕದ ಮನೆಯ ಗೃಹಪ್ರವೇಶ, ನಡುವೆ ಕುಕ್ಕರಿನ ಸೀಟಿ, ಕೊನೆಗೆ ‘ಅಂದಹಾಗೆ ಅಪ್ಪನಿಗೆ ನಿನ್ನೆ ಸ್ವಲ್ಪ ತಲೆಸುತ್ತು ಬಂದಿತ್ತು’. ಮುಖ್ಯ ಸುದ್ದಿ ಇರುವುದು ಮೂರೂವರೆ ನಿಮಿಷದ ಮೇಲೆ. ಮೀಟಿಂಗಿನಲ್ಲಿರುವ ಮಗ ಅದನ್ನು ಕೇಳಲಾರ. ಮೆಟ್ರೊದಲ್ಲಿ ಇಯರ್‌ಫೋನ್ ಮರೆತವನು ಹಾಕಲಾರ. ‘ಅಮ್ಮ, ಮುಖ್ಯವಾದ್ದಿದ್ರೆ ಟೈಪ್ ಮಾಡು’ ಎನ್ನುತ್ತಾನೆ ಅವನು. ಮುಖ್ಯವಾದ್ದನ್ನು ಟೈಪ್ ಮಾಡುವುದಾ ಎಂದು ಅಮ್ಮನಿಗೆ ಆಶ್ಚರ್ಯ.

2021ರಲ್ಲಿ ವಾಯ್ಸ್ ಮೆಸೇಜನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುವ ಸೌಲಭ್ಯ ಬಂತು. ಮೊಮ್ಮಕ್ಕಳು ಅಜ್ಜಿಯ ಕಥೆಯನ್ನು ಎರಡರಲ್ಲಿ ಓಡಿಸುತ್ತಾರೆ. ಅಜ್ಜಿಗೆ ಗೊತ್ತಾದರೆ ಮುನಿಸು. 2022ರಲ್ಲಿ ಕಂಪನಿಯೇ ಹೇಳಿದ ಲೆಕ್ಕದಂತೆ ಲೋಕದಾದ್ಯಂತ ದಿನಕ್ಕೆ ಸರಾಸರಿ 700 ಕೋಟಿ ವಾಯ್ಸ್ ಮೆಸೇಜುಗಳು ಹೋಗುತ್ತಿದ್ದವು.

ಜಗಳದ ಇನ್ನೊಂದು ಮೂಲ, ಹೇಳದೆ ಕೇಳದೆ ಕರೆ ಮಾಡುವುದು. ಕಿರಿಯರಿಗೆ ಅದು ಬಾಗಿಲು ತಟ್ಟದೆ ಒಳನುಗ್ಗಿದಂತೆ. ಮೊದಲು ‘ಫ್ರೀ ಇದ್ದೀಯಾ?’ ಎಂದು ಮೆಸೇಜ್ ಹಾಕಬೇಕು. ಹಿರಿಯರಿಗೆ ಅದು ಪರಕೀಯರ ನಡವಳಿಕೆ: ಮನೆಯವರಿಗೇ ಅಪಾಯಿಂಟ್‌ಮೆಂಟಾ? ಪಿ.ಪಿ. ಕಾಲದಲ್ಲಿ ಹೊತ್ತು ಗೊತ್ತು ನೋಡಿ, ಮೊದಲು ಹೇಳಿ, ಐದು ನಿಮಿಷ ಬಿಟ್ಟು ಕರೆಯುತ್ತಿದ್ದವರು ಇವರೇ. ಆಗ ಆ ಸಂಕೋಚ ಪಕ್ಕದ ಮನೆಯವರಿಗಾಗಿ ಇತ್ತು, ಮಗನಿಗಾಗಿ ಅಲ್ಲ.

ಎಲ್ಲಕ್ಕಿಂತ ಬಿಸಿ ಚರ್ಚೆ ಮದುವೆಯ ಕರೆಯೋಲೆಯದು. ಮನೆಗೆ ಬಂದು, ಕುಂಕುಮ ಅಕ್ಷತೆ ಕೊಟ್ಟು, ಗಂಡಹೆಂಡಿರಿಬ್ಬರೂ ನಿಂತು ಕರೆದರೆ ಮಾತ್ರ ಅದು ಕರೆದಂತೆ. ‘ಫೋನಲ್ಲಿ ಕರೆದ್ರೆ ಹೋಗೋಕಾಗುತ್ತಾ?’ ಎಂದು ಮದುವೆ ತಪ್ಪಿಸಿಕೊಂಡವರು ಪ್ರತಿ ಬಳಗದಲ್ಲೂ ಸಿಗುತ್ತಾರೆ. ಕೆಂಗೇರಿಯಿಂದ ಯಲಹಂಕಕ್ಕೆ ಪತ್ರಿಕೆ ಹಂಚಲು ಹೋದರೆ ಟ್ರಾಫಿಕ್ಕಿನಲ್ಲಿ ಅರ್ಧ ದಿನ ಹೋಗುವ ಊರಿನಲ್ಲಿ ಈ ನಿಯಮ ಸಡಿಲಾಗುತ್ತಿದೆ, ಅದೂ ಹಂತ ಹಂತವಾಗಿ. ಸೋದರಮಾವನ ಮನೆಗೆ ಖುದ್ದಾಗಿ ಹೋಗಲೇಬೇಕು. ಎರಡನೇ ಸುತ್ತಿನವರಿಗೆ ಫೋನ್, ಆಮೇಲೆ ಪತ್ರಿಕೆಯ ಪಿಡಿಎಫ್. ಮೂರನೇ ಸುತ್ತಿನವರಿಗೆ ಪಿಡಿಎಫ್ ಜೊತೆ ಹುಡುಗಿಯ ಅಮ್ಮನ ದನಿಯಲ್ಲಿ ಒಂದು ವಾಯ್ಸ್ ಮೆಸೇಜ್: ಬರೋಕಾಗ್ಲಿಲ್ಲ, ಇದನ್ನೇ ಮನೆಗೆ ಬಂದು ಕರೆದ ಹಾಗೆ ಅಂದ್ಕೊಳ್ಳಿ, ಎಲ್ಲರೂ ಹಿಂದಿನ ದಿನವೇ ಬಂದುಬಿಡಿ. ಅದಕ್ಕೆ ಬರುವ ಉತ್ತರದಲ್ಲೂ ತಲೆಮಾರುಗಳ ಪಟ್ಟಿ ಸಿಗುತ್ತದೆ. ಕಿರಿಯರಿಂದ ಕೈಮುಗಿದ ಇಮೋಜಿ, ನಡುವಯಸ್ಸಿನವರಿಂದ ‘ಖಂಡಿತ ಬರ್ತೀವಿ’, ಎಂಬತ್ತರ ಹಿರಿಯರಿಂದ ನೇರ ಫೋನು. ಅವರು ಮುಹೂರ್ತ ಎಷ್ಟು ಗಂಟೆಗೆ, ಛತ್ರ ಎಲ್ಲಿ, ಹುಡುಗ ಏನು ಓದಿದ್ದಾನೆ ಎಂದು ಎಲ್ಲವನ್ನೂ ಮೊದಲಿನಿಂದ ಕೇಳುತ್ತಾರೆ.